ಹೊತ್ತು ಏರಿ ಹತ್ತು ತಾಸು

ಬೈಲಹೊಂಗಲದ ಜ್ಞಾನತರಂಗ ಆರ್ಟ್ಸ್ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ರಘೋತ್ತಮನಿಗೆ ಒಂದೇ ಒಂದು ಚಟವಿತ್ತು. ಎಲೆ ಅಡಿಕೆ ಅಲ್ಲ, ಇಸ್ಪೀಟೂ ಅಲ್ಲ. ಯಾರು ಯಾವ ದೇಶದ ಹೆಸರೆತ್ತಿದರೂ ಆ ದೇಶ ತನ್ನ ಮನೆಯ ಹಿತ್ತಲಲ್ಲೇ ಇದೆ ಎನ್ನುವಂತೆ ಮಾತಾಡುವುದು. ಆತ ಬೆಳಗಾವಿ ಜಿಲ್ಲೆ ದಾಟಿ ಆಚೆ ಹೋದದ್ದು ಒಂದೇ ಸಲ, ಅದೂ ಚಿಕ್ಕಪ್ಪನ ಮಗಳ ಮದುವೆಗೆ ಮೀರಜಿಗೆ. ಆದರೆ ನಾರ್ವೆಯ ಮೀನು ಕೇಳಿ, ಚಿಲಿಯ ತಾಮ್ರ ಕೇಳಿ, ತಡವರಿಸದೆ ಹೇಳುತ್ತಿದ್ದ. ಭೂಗೋಳದ ಮಾಸ್ತರಿಗೆ ಇಷ್ಟು ಇರಬೇಕಾದದ್ದೇ ಎಂದು ಉಳಿದವರು ಸಹಿಸಿಕೊಂಡಿದ್ದರು.

ಕಾಲೇಜಿನ ಕಟ್ಟಡ ಮೊದಲು ಅರಳೆ ತುಂಬಿಡುವ ವಖಾರಿಯಾಗಿತ್ತು. ಪಾಠ ನಡೆಯುವಾಗ ಈಗಲೂ ಒಮ್ಮೊಮ್ಮೆ ಮಾಡಿನ ಸಂದಿಯಿಂದ ಹತ್ತಿಯ ಎಳೆಯೊಂದು ಇಳಿದು ಹುಡುಗರ ತಲೆಯ ಮೇಲೆ ಕೂರುತ್ತಿತ್ತು. ಇಂಥ ಕಾಲೇಜಿಗೆ ೧೯೭೬ರ ಜೂನ್ ತಿಂಗಳಲ್ಲಿ ದಿಲ್ಲಿಯ ಮುದ್ರೆ ಹೊತ್ತ ಒಂದು ಕಾಗದ ಬಂತು. ಪ್ರಿನ್ಸಿಪಾಲ ಹಣಮಂತಪ್ಪನವರು ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು.

"ಟಾಂಜಾನಿಯಾದಿಂದ ಒಬ್ಬ ಹುಡುಗ ಬರಾಕತ್ತಾನ್ರಿ, ಬಿ.ಎ. ಓದಾಕ. ದಿಲ್ಲಿಯವರು ಧಾರವಾಡಕ್ಕ ಕಳಿಸ್ಯಾರ, ಧಾರವಾಡದವರು ಜಾಗಾ ಇಲ್ಲಂತ ನಮ್ಮ ಕಡೆ ದಬ್ಬ್ಯಾರ. ಇಂಗ್ಲೀಷು ಅಷ್ಟಕ್ಕಷ್ಟ ಅಂತ. ಅವರ ಭಾಷಾ ಸ್ವಾಹಿಲಿ ಅಂತ. ಆ ಹೆಸರು ಯಾರರೆ ಕೇಳೀರೇನು?"

ಇಂಥ ಹೊತ್ತಿನಲ್ಲಿ ತಿಳಿದವರು ಚಹಾದ ಕಪ್ಪಿನೊಳಗೆ ನೋಡುತ್ತಾರೆ. ಹನ್ನೊಂದು ಜನ ಅಧ್ಯಾಪಕರು ಚಹಾದ ಕಪ್ಪಿನೊಳಗೆ ನೋಡಿದರು. ರಘೋತ್ತಮ ಮಾತ್ರ ಕಪ್ಪನ್ನು ಕೆಳಗಿಟ್ಟ.

"ಸ್ವಾಹಿಲಿ ಏನ್ರಿ ಸರ್, ನಮ್ಮ ಮನ್ಯಾಗ ಆಡಿ ಬಿಟ್ಟ ಭಾಷಾ ಅದ" ಎಂದ.

ಇದು ಪೂರ್ತಿ ಸುಳ್ಳೆಂದು ಹೇಳುವಂತಿಲ್ಲ. ಅವನ ಸೋದರಮಾವ ಅದೇ ದೇಶದ ದಾರ್ ಎಸ್ ಸಲಾಮಿನ ಒಬ್ಬ ಗುಜರಾತಿ ವ್ಯಾಪಾರಿಯಲ್ಲಿ ಹನ್ನೊಂದು ವರ್ಷ ಕಾರಕೂನನಾಗಿದ್ದು ಮರಳಿ ಬಂದವನು. ಅಕ್ಕನ ಮನೆಗೆ ಬಂದಾಗಲೆಲ್ಲ ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದರಿಂದ ಹತ್ತರ ತನಕ ಸ್ವಾಹಿಲಿಯಲ್ಲಿ ಎಣಿಸಲು ಕಲಿಸಿದ್ದ. ಒಂದಕ್ಕೆ ಮೋಜಾ, ಆರಕ್ಕೆ ಸೀತಾ, ಏಳಕ್ಕೆ ಸಾಬಾ, ಹತ್ತಕ್ಕೆ ಕೂಮಿ. ಗಂಟೆಗೆ ಸಾ ಅನ್ನುತ್ತಾರೆ ಎಂದೂ ಹೇಳಿಕೊಟ್ಟಿದ್ದ. "ಆ ದೇಶದಾಗ ಗಡಿಯಾರಾನೂ ತಿರುವಿ ಓದಬೇಕೋ ಹುಡುಗಾ" ಎಂದು ಇನ್ನೊಂದು ಮಾತು ಸೇರಿಸುತ್ತಿದ್ದ. ಮಾವ ಹೇಳುವುದರಲ್ಲಿ ಅರ್ಧ ಬಂಡಲ್ ಎಂದು ಮನೆಯವರೆಲ್ಲ ಬಲ್ಲರು. ಗಡಿಯಾರದ ಮಾತನ್ನೂ ಆ ಅರ್ಧಕ್ಕೇ ಸೇರಿಸಿ ಮರೆತುಬಿಟ್ಟರು.

ಮಾರನೆಯ ದಿನವೇ ರಘೋತ್ತಮನ ಕುರ್ಚಿಯ ಹಿಂದಿನ ಗೋಡೆಗೆ "ವಿದೇಶಿ ವಿದ್ಯಾರ್ಥಿ ಸಲಹೆಗಾರರು" ಎಂಬ ಹಲಗೆ ಬಿತ್ತು. ನಮ್ಮಲ್ಲಿ ಸ್ವಾಹಿಲಿ ಬಲ್ಲ ಪ್ರಾಧ್ಯಾಪಕರಿದ್ದಾರೆ, ಚಿಂತೆ ಬೇಡ ಎಂದು ಪ್ರಿನ್ಸಿಪಾಲರು ಧಾರವಾಡಕ್ಕೆ ಪತ್ರವನ್ನೂ ಹಾಕಿದರು. ಹುಡುಗ ಬರಲಿಲ್ಲ. ಅವನ ಕಾಗದಗಳು ಯಾವ ಯಾವ ಕಚೇರಿಯ ಮೇಜಿನ ಮೇಲೆ ಮಲಗಿ ಎದ್ದವೋ, ಜುಲೈ ಹೋಯಿತು, ದಸರೆ ಹೋಯಿತು, ದೀಪಾವಳಿಯೂ ಹೋಯಿತು. ರಘೋತ್ತಮನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಡಿಸೆಂಬರ್ ಎರಡನೆಯ ವಾರ ತಂತಿ ಬಂತು.

ಬಸ್ ಸ್ಟ್ಯಾಂಡಿನಲ್ಲಿ ಹಾರ ಹಿಡಿದುಕೊಂಡು ಜವಾನ ನೀಲಪ್ಪ, ಕೋಟು ಹಾಕಿಕೊಂಡು ರಘೋತ್ತಮ, ಕೆಲಸವಿಲ್ಲದ್ದಕ್ಕೆ ಊರಿನ ನಲವತ್ತು ಮಂದಿ ನಿಂತಿದ್ದರು. ಧಾರವಾಡದ ಬಸ್ಸಿನಿಂದ ಎತ್ತರದ, ತೆಳ್ಳಗಿನ, ಕರೀ ಹುಡುಗನೊಬ್ಬ ತಗಡಿನ ಪೆಟ್ಟಿಗೆ ಹೊತ್ತು ಇಳಿದ. ಹಾರ ಹಾಕಿದ್ದಾಯಿತು. ಎಲ್ಲರೂ ರಘೋತ್ತಮನ ಬಾಯಿಯನ್ನೇ ನೋಡತೊಡಗಿದರು. ಈಗ ಸ್ವಾಹಿಲಿ ಬರಬೇಕಿತ್ತು. ಬೇರೇನೂ ಗೊತ್ತಿಲ್ಲದ ಆತ ಕೈ ಮುಗಿದು, ಗಂಭೀರವಾಗಿ, "ಮೋಜಾ, ಮ್ಬಿಲಿ, ತಾತು" ಎಂದು ಶುರುಮಾಡಿ ಕೂಮಿಯ ತನಕ ಒಂದೇ ಉಸಿರಿನಲ್ಲಿ ಎಣಿಸಿಬಿಟ್ಟ.

ಹುಡುಗ ಊರು ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ಅಷ್ಟು ದಿನದಲ್ಲಿ ಅವನ ಕಿವಿಗೆ ಬಿದ್ದ ಅವನ ಭಾಷೆ ಇದೊಂದೇ. ಎದುರಿನವರು ತನ್ನನ್ನು ಯಾಕೆ ಎಣಿಸುತ್ತಿದ್ದಾರೆ ಎಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ. ಕಣ್ಣು ಒರೆಸಿಕೊಂಡು ರಘೋತ್ತಮನ ಕೈ ಹಿಡಿದು "ಮ್ವಾಲಿಮು" ಎಂದ. ಗುರುಗಳೇ ಎಂದು ಅರ್ಥ.

"ಏನಂದ್ರಿ ಸರ್ ಅವನಿಗೆ? ಮಂತ್ರ ಹೇಳಿಧಾಂಗ ಹೇಳಿದ್ರಿ" ಎಂದು ನೀಲಪ್ಪ ಕೇಳಿದ.

"ಅವರ ಪದ್ಧತಿ ಪ್ರಕಾರ ಸ್ವಾಗತ ಮಾಡಿದೆ" ಎಂದು ರಘೋತ್ತಮ ಕೋಟು ಸರಿಮಾಡಿಕೊಂಡ.

ಹುಡುಗನ ಹೆಸರು ಹಮೀಸಿ ಜುಮಾ, ಊರು ತಾಂಗಾ. ಕಲಿತು ಹೋಗಿ ತನ್ನ ಊರಿನ ಶಾಲೆಯಲ್ಲಿ ಮಾಸ್ತರನಾಗಬೇಕು ಎಂಬುದು ಅವನ ಆಸೆ. ಹೊರಟಾಗ ಊರಿನ ಅರ್ಧ ಜನ ಬಂದರಿನ ತನಕ ಬಂದು ಕಳಿಸಿಕೊಟ್ಟಿದ್ದರಂತೆ. ಅವನ ವಸತಿಯನ್ನು ಶೆಟ್ಟೆವ್ವನ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಮಾಡಿದರು. ಶೆಟ್ಟೆವ್ವ ದೊಡವಾಡದ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಇಪ್ಪತ್ತು ವರ್ಷದಿಂದ ಕಾಲೇಜು ಹುಡುಗರಿಗೆ ರೊಟ್ಟಿ ಬಡಿದು ಹಾಕುತ್ತಿದ್ದವಳು. ಹಮೀಸಿ ಎಂದರೆ ಗುರುವಾರ, ಜುಮಾ ಎಂದರೆ ಶುಕ್ರವಾರ ಎಂದು ತಿಳಿದಾಗ ಅವಳಿಗೆ ಏನೂ ವಿಚಿತ್ರ ಅನಿಸಲಿಲ್ಲ. "ನಮ್ಮಲ್ಲಿ ಸೋಮವ್ವ ಇಲ್ಲೇನು, ಹಾಂಗ ಇಂವ ಗುರುವಾರಪ್ಪ" ಎಂದಳು. ಅಂದಿನಿಂದ ಅವನು ಆ ಓಣಿಗೆಲ್ಲ ಗುರುವಾರಪ್ಪನಾದ.

ಕಾಲೇಜಿನ ಪಾಠಗಳಿಗೇನೋ ಅವನು ಖಾನಾವಳಿಯ ಹುಡುಗರ ಬೆನ್ನು ಹತ್ತಿ ಬಂದು ಹೋಗುತ್ತಿದ್ದ. ಅರ್ಧ ವರ್ಷದ ಪಾಠ ತಪ್ಪಿದೆಯಲ್ಲ, ಅದಕ್ಕಾಗಿ ಸಲಹೆಗಾರರು ಮನೆಯಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ ವಿಶೇಷ ಬೋಧನೆ ಕೊಡಬೇಕೆಂದು ಪ್ರಿನ್ಸಿಪಾಲರು ಠರಾಯಿಸಿದರು. ಇಂಗ್ಲೀಷಿನಲ್ಲಿ ಸೆವೆನ್ ಎಂದು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪರದೇಶದ ಹುಡುಗನಿಗೆ ಅವನ ಭಾಷೆಯಲ್ಲೇ ಹೇಳುವುದು ತನ್ನ ಹುದ್ದೆಯ ಧರ್ಮವೆಂದು ರಘೋತ್ತಮ ಭಾವಿಸಿದ.

"ಸಾ ಸಾಬಾ, ನಮ್ಮ ಮನಿ" ಎಂದ.

"ಸಾ ಸಾಬಾ" ಎಂದು ಹಮೀಸಿ ತಲೆಯಾಡಿಸಿದ.

ಮರುದಿನ ಏಳಕ್ಕೆ ರಘೋತ್ತಮ ಭೂಪಟ ಹಾಸಿಕೊಂಡು ಕಟ್ಟೆಯ ಮೇಲೆ ಕುಳಿತ. ಎಂಟಾಯಿತು, ಒಂಬತ್ತಾಯಿತು. ಹುಡುಗ ಬರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ರಘೋತ್ತಮ ಊಟಕ್ಕೆ ಮನೆಗೆ ಬಂದು ಎಲೆಯ ಬದಿಗೆ ಚಿತ್ರಾವತಿಯ ತುತ್ತು ಇಟ್ಟು ಸಾರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಬಾಗಿಲಲ್ಲಿ "ಹೋದಿ" ಎಂಬ ದನಿ ಕೇಳಿತು, ಒಳಗೆ ಬರಲೇ ಎಂದು ಅವರ ಕಡೆ ಕೇಳುವ ರೀತಿ. ಹಮೀಸಿ ನಗುತ್ತ ನಿಂತಿದ್ದ, ಕಂಕುಳಲ್ಲಿ ಪುಸ್ತಕ.

"ಯಾಕೆ ಲೇಟ್?" ಎಂದು ರಘೋತ್ತಮ ಇಂಗ್ಲೀಷಿನಲ್ಲಿ ಕೇಳಿದ.

ಹಮೀಸಿ ಕೈಗಡಿಯಾರ ನೋಡಿಕೊಂಡ. "ಲೇಟ್ ಇಲ್ಲ ಮ್ವಾಲಿಮು. ಸಾ ಸಾಬಾ."

ರಘೋತ್ತಮ ಬಗ್ಗಿ ನೋಡಿದ. ಗಡಿಯಾರದಲ್ಲಿ ಸರಿಯಾಗಿ ಒಂದಾಗಿತ್ತು. ಭೂಗೋಳದ ಮಾಸ್ತರ ಇಂಥಲ್ಲಿ ಸೋಲುವುದಿಲ್ಲ. ಊಟ ಮುಗಿಸಿ ಕಾಗದದ ಹಿಂದೆ ಲೆಕ್ಕ ಹಾಕಿದ. ಅವರ ದೇಶ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಏಳಾದಾಗ ಇಲ್ಲಿ ಒಂಬತ್ತೂವರೆ. ಹಾಗಾದರೆ ಇನ್ನೂ ಮೂರೂವರೆ ತಾಸು ಎಲ್ಲಿ ಹೋಯಿತು? ಎರಡು ಸಲ ಕೂಡಿಸಿ, ಒಂದು ಸಲ ಕಳೆದು, ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಹುಡುಗನಿಗೆ ಊರಿನ ನೆನಪು ಬಹಳ, ಅದಕ್ಕೇ ಇಲ್ಲಿಯ ಗಡಿಯಾರ ನೋಡಿಯೂ ತನ್ನ ದೇಶದ ಹೊತ್ತನ್ನೇ ಎಣಿಸುತ್ತಾನೆ. ಮೇಲಾಗಿ ಎಣಿಕೆಯಲ್ಲಿ ಕಚ್ಚಾ. ಇದನ್ನು ಎತ್ತಿ ಆಡಿ ಪರದೇಶಿ ಹುಡುಗನ ಮನಸ್ಸು ನೋಯಿಸಬಾರದೆಂದು ಆತ ಸುಮ್ಮನಾದ. ಕೇಳಿದರೆ ತನ್ನ ಸ್ವಾಹಿಲಿಯ ಬಣ್ಣ ಬಯಲಾದೀತೆಂಬ ಅಂಜಿಕೆಯೂ ಇತ್ತು. ಗುರುಗಳು ತನ್ನನ್ನು ಊಟದ ಹೊತ್ತಿಗೇ ಯಾಕೆ ಕರೆಯುತ್ತಾರೆ ಎಂದು ಹಮೀಸಿಯೂ ಕೇಳಲಿಲ್ಲ, ಅವನ ಊರಲ್ಲಿ ಗುರುಗಳನ್ನು ಹಾಗೆಲ್ಲ ಕೇಳುವ ವಾಡಿಕೆಯಿರಲಿಲ್ಲ. ಇಬ್ಬರೂ ಮರ್ಯಾದಸ್ಥರಾದ್ದರಿಂದ ತಪ್ಪು ಎರಡು ತಿಂಗಳು ಸುಖವಾಗಿ ಬದುಕಿತು.

ಕಷ್ಟವಾದದ್ದು ರಘೋತ್ತಮನ ತಾಯಿ ಗಂಗೂಬಾಯಿಗೆ. ಆಕೆ ಮಡಿಯ ಹೆಂಗಸು. ಆದರೆ ಉಣ್ಣುವ ಹೊತ್ತಿಗೆ ಬಾಗಿಲಿಗೆ ಬಂದವನನ್ನು ಹಾಗೇ ಕೂರಿಸಿ ಮಗನಿಗೆ ಬಡಿಸುವುದು ಆಕೆಯಿಂದ ಆಗಲಿಲ್ಲ. ಮೊದಲನೆಯ ದಿನ ಕಟ್ಟೆಯ ಮೇಲೆ ಎಲೆ ಹಾಕಿದಳು. ನಾಲ್ಕನೆಯ ದಿನ ಕಟ್ಟೆಯ ಮೇಲೆ ಬಿಸಿಲು ಎಂದು ಎಲೆ ಪಡಸಾಲೆಗೆ ಬಂತು. ಎರಡನೆಯ ವಾರ, ಅಷ್ಟು ದೂರ ಸಾರು ಒಯ್ಯುವಷ್ಟರಲ್ಲಿ ಆರುತ್ತದೆ ಎಂದು ಪಡಸಾಲೆಯ ಆ ತುದಿಯಿಂದ ಈ ತುದಿಗೆ ಬಂತು. ಸಂಕ್ರಾಂತಿಯ ಹೊತ್ತಿಗೆ ಎಲೆ ಅಡಿಗೆಮನೆಯ ಹೊಸ್ತಿಲಿಗೆ ಹತ್ತಿ ಕೂತಿತ್ತು. ಆರಕ್ಕೆ ಅವರ ಭಾಷೆಯಲ್ಲಿ ಸೀತಾ ಅನ್ನುತ್ತಾರೆಂದು ತಿಳಿದ ದಿನ ಆಕೆ ಇನ್ನೊಂದು ಹೋಳಿಗೆ ಹಾಕಿದಳು.

ಪಕ್ಕದ ಮನೆಯ ಯಮುನಾಬಾಯಿಗೆ ಇದು ಸಹನವಾಗಲಿಲ್ಲ.

"ಗಂಗಕ್ಕ, ಆ ಹುಡುಗ ಪಾಠಕ್ಕ ಬರ್ತಾನೋ ಊಟಕ್ಕ ಬರ್ತಾನೋ? ನಿನ್ನ ಮಗ ಮುಂಜಾನೆ ಏಳಕ್ಕ ನಕಾಶಾ ಹಾಸಿಕೊಂಡು ಕಾಯ್ತಾನ. ಅಂವ ಕರೆಕ್ಟ್ ಎಲಿ ಹಾಕೂ ಹೊತ್ತಿಗೆ ಬರ್ತಾನ."

"ಬರ್ಲಿ ಬಿಡು. ದಿನಾ ಒಂದs ಹೊತ್ತಿಗೆ ಬರ್ತಾನ, ಒಂದು ಮಿನಿಟು ಹಿಂದ ಮುಂದ ಇಲ್ಲ. ನಿಮ್ಮನಿಯವರು ಹಾಂಗ ಬರ್ತಾರೇನು?"

ಯಮುನಾಬಾಯಿಯ ಯಜಮಾನರು ಊಟಕ್ಕೆ ಬರುವ ಹೊತ್ತು ಯಾವ ಪಂಚಾಂಗದಲ್ಲೂ ಇರಲಿಲ್ಲ. ಆಕೆ ಅಲ್ಲಿಗೆ ಆ ಮಾತು ಬಿಟ್ಟಳು, ಆದರೆ ಊರಿನಲ್ಲಿ ಬಿಡಲಿಲ್ಲ. ಫೆಬ್ರವರಿಯ ಹೊತ್ತಿಗೆ ಆಫ್ರಿಕಾದ ಹುಡುಗ ಪಾಠ ತಪ್ಪಿಸಿ ಊಟಕ್ಕೆ ಮಾತ್ರ ಹಾಜರಾಗುತ್ತಾನೆ ಎಂಬ ಸುದ್ದಿ ಧಾರವಾಡದ ತನಕ ಹೋಗಿತ್ತು.

ಅಲ್ಲಿಂದ ಹಣಮಂತಪ್ಪನವರಿಗೆ ಪತ್ರ ಬಂತು. ಅರ್ಧ ವರ್ಷ ತಡವಾಗಿ ಸೇರಿದ ವಿದ್ಯಾರ್ಥಿ ಪಾಠ ಹಿಡಿಯಬಲ್ಲನೇ, ಅವನಿಗೆ ತಕ್ಕ ನೆರವು ಸಿಕ್ಕಿದೆಯೇ ಎಂದು ನೋಡಲು ಅಧಿಕಾರಿ ಅಂದಾನೆಪ್ಪನವರು ಬರುತ್ತಾರೆ. ಬರುವ ಬುಧವಾರ, ಹತ್ತು ಗಂಟೆಗೆ. ಅವರು ಬೇಡವೆಂದು ಬರೆದರೆ ಪ್ರವೇಶ ರದ್ದು, ಹುಡುಗ ಮರಳಿ ತನ್ನ ದೇಶಕ್ಕೆ.

"ರಘೋತ್ತಮ, ಇದು ಎಮರ್ಜನ್ಸಿ ಕಾಲ. ಅಂದಾನೆಪ್ಪನವರು ಗಡಿಯಾರ ಕಟಗೊಂಡ ಹುಟ್ಟಿದ ಮನಿಶ್ಯಾ. ಹುಡುಗ ಹತ್ತಕ್ಕ ಇಲ್ಲಿ ಇರಬೇಕು" ಎಂದರು ಪ್ರಿನ್ಸಿಪಾಲರು. ಸಮಯಪಾಲನೆಗೆಂದೇ ಅವರು ಆ ವರ್ಷ ಆಫೀಸಿಗೆ ಗಂಟೆ ಬಾರಿಸುವ ದೊಡ್ಡ ಗಡಿಯಾರ ಹಾಕಿಸಿದ್ದರು.

ರಘೋತ್ತಮ ಈ ಸಲ ಹುಷಾರಾದ. ಎರಡೂ ಕೈಯ ಹತ್ತು ಬೆರಳು ಎತ್ತಿ ಹಮೀಸಿಗೆ ಹೇಳಿದ. "ಬುಧವಾರ. ಸಾ ಕೂಮಿ. ನೋ ಲೇಟ್. ಲೇಟಾದರೆ ನೀ ಊರಿಗೆ."

ಹಮೀಸಿ ಅಂಜಿದ. "ಮ್ವಾಲಿಮು, ಇಂಗ್ಲೀಷಿನಲ್ಲಿ..." ಎಂದು ಏನೋ ಕೇಳಲು ಹೋದ.

"ಇಂಗ್ಲೀಷು ಬ್ಯಾಡ. ನಿನ್ನ ಭಾಷಾದಾಗ ಹೇಳೀನಿ" ಎಂದು ರಘೋತ್ತಮ ಚೀಟಿಯ ಮೇಲೆ ಸಾ ಕೂಮಿ ಎಂದು ಅವನಿಗೆ ಓದಲು ಬರುವಂತೆ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿಕೊಟ್ಟ. ಹಮೀಸಿ ಅದನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡ.

ಬುಧವಾರ ಆಫೀಸಿನ ಗಡಿಯಾರ ಹತ್ತನೆಯ ಪೆಟ್ಟು ಹೊಡೆಯುವುದಕ್ಕೂ ಅಂದಾನೆಪ್ಪನವರು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಕಚ್ಚೆ ಪಂಚೆ, ಕರೀ ಟೊಪ್ಪಿಗೆ, ಕೈಯಲ್ಲಿ ಫೈಲು. ಕುಳಿತವರೇ ಸುತ್ತ ನೋಡಿದರು.

"ಹುಡುಗ ಎಲ್ಲಿ?"

ಹುಡುಗ ಇರಲಿಲ್ಲ. ಚಹಾ ಬಂತು, ಬಿಸ್ಕೀಟು ಬಂತು, ಹುಡುಗ ಬರಲಿಲ್ಲ. ಹತ್ತೂ ಹತ್ತಕ್ಕೆ ನೀಲಪ್ಪನನ್ನು ಸೈಕಲ್ಲಿನ ಮೇಲೆ ಖಾನಾವಳಿಗೆ ಓಡಿಸಿದರು. ರಘೋತ್ತಮ ಅಷ್ಟು ಹೊತ್ತೂ ಗೋಡೆಯ ಮೇಲಿನ ಪ್ರಪಂಚದ ನಕಾಶೆಯಲ್ಲಿ ಟಾಂಜಾನಿಯಾದ ಕಡೆ ನೋಡುತ್ತಿದ್ದ, ಹುಡುಗ ಅಲ್ಲಿಂದಲೇ ಹೊರಡಬೇಕಾಗಿದೆಯೋ ಎನ್ನುವಂತೆ. ಹತ್ತೂವರೆಗೆ ನೀಲಪ್ಪ ಏದುತ್ತ ಬಂದ.

"ಹುಡುಗ ದೊಡವಾಡಕ್ಕ ಹೋಗ್ಯಾನಂತ್ರಿ, ಶೆಟ್ಟೆವ್ವನ ತಮ್ಮನ ಹೊಲಕ್ಕ, ಹತ್ತಿ ಬಿಡಸೂದು ನೋಡಾಕ. ಕಾಳಜಿ ಮಾಡಬ್ಯಾಡ್ರಿ ಅಂದ್ಳು. ಹತ್ತು ತಾಸಿಗಿ ಕರೆಕ್ಟ್ ಬರತಾನಂತ."

ಎಲ್ಲರೂ ಗಡಿಯಾರ ನೋಡಿದರು.

"ಹತ್ತು ಹೊಡದು ಅರ್ಧಾ ತಾಸಾತಲ್ಲೋ" ಎಂದರು ಪ್ರಿನ್ಸಿಪಾಲರು.

"ಹೌದ್ರಿ."

"ಮತ್ತ ಹತ್ತಕ್ಕ ಹೆಂಗ ಬರತಾನ?"

"ಅದು ನನಗ ಗೊತ್ತಿಲ್ರಿ. ಬರತಾನಂತ."

"ಇವತ್ತಿನ ಹತ್ತಕ್ಕೋ ನಾಳಿ ಹತ್ತಕ್ಕೋ?" ಎಂದು ಅಂದಾನೆಪ್ಪನವರು ಫೈಲಿನ ಮೇಲಿನಿಂದ ಕೇಳಿದರು.

"ಇವತ್ತಿಂದs ರೀ. ಆಗಿ ಹೋದ ಹತ್ತಲ್ಲ, ಬರೂ ಹತ್ತು ಅಂತ ಕಾಣತೈತಿ" ಎಂದು ನೀಲಪ್ಪ ತನಗೆ ತಿಳಿದಷ್ಟು ಹೇಳಿದ.

ಅಂದಾನೆಪ್ಪನವರು ಪೆನ್ನಿನ ಟೊಪ್ಪಿಗೆ ತೆಗೆದರು. "ನಾ ಒಂದು ಗಂಟೆಕ್ಕ ರಾಮದುರ್ಗಕ್ಕ ಹೊಂಡಬೇಕ್ರಿ. ವಿದ್ಯಾರ್ಥಿ ಗೈರುಹಾಜರು ಅಂತ ಬರೀತೀನಿ. ಊಟದ ಸುದ್ದೀನೂ ಕೇಳೀನಿ."

ಪ್ರಿನ್ಸಿಪಾಲರು ಕೊನೆಯ ಪ್ರಯತ್ನವೆಂದು ಶೆಟ್ಟೆವ್ವನನ್ನೇ ಕರೆಸಿದರು. ಆಕೆ ಮುಂಗೈ ತನಕ ಜೋಳದ ಹಿಟ್ಟು ಹಚ್ಚಿಕೊಂಡು ಬಂದು ಬಾಗಿಲಲ್ಲೇ ನಿಂತಳು.

"ಹಂಚ ಒಲಿ ಮ್ಯಾಲಿಟ್ಟು ಬಂದೇನ್ರಿ, ಏನ್ ಕೇಳ್ತೀರಿ ಲಗೂನ ಕೇಳ್ರಿ."

"ಹತ್ತು ತಾಸಿಗಿ ಬರತಾನ ಅಂದ್ಯಂತಲ್ಲಬೇ. ಹತ್ತು ಯಾವಾಗ ಆತಲ್ಲ?"

"ಎಲ್ಲಾತ್ರಿ?" ಶೆಟ್ಟೆವ್ವ ಕತ್ತು ಹೊರಗೆ ಚಾಚಿ ಬಿಸಿಲು ನೋಡಿದಳು. "ಹೊತ್ತು ಏರಿ ಈಗರೆ ನಾಕೂವರಿ ತಾಸ ಆಗೇತಿ. ಹತ್ತು ತಾಸಂದ್ರ ಮುಣಗಾಕ ಇನ್ನ ಎರಡ ತಾಸ ಇರತಾವಲ್ಲ, ಆವಾಗ. ಮಾಸ್ತರು ಚೀಟಿ ಬರದ ಕೊಟ್ಟಾರಂತ, ಹತ್ತ ಬೆರಳು ತೋರಿಸಿ ಹೋಗ್ಯಾನ. ಗುರುವಾರಪ್ಪ ಹೊತ್ತು ತಪ್ಪಿಸೂ ಮನಿಶ್ಯಾ ಅಲ್ರಿ."

"ಈ ಲೆಕ್ಕ ಅವಗ ನೀ ಕಲಿಸಿದೇನು?" ಎಂದು ಅಂದಾನೆಪ್ಪನವರು ಕೇಳಿದರು.

"ಯಾರೂ ಕಲಿಸಿಲ್ರಿ, ಅಲ್ಲಿಂದ ಬರೂವಾಗನ ಕಲತ ಬಂದಾನ. ಮೊದಲನೇ ದಿನ ನಾ ಮೂರು ಬೆರಳು ತೋರಿಸಿ ರೊಟ್ಟಿ ಅಂದೆ. ಹೊತ್ತೇರಿ ಮೂರು ತಾಸಿಗಿ ಸರಿಯಾಗಿ ಬಂದ ಕುಂತ. ನಿಮ್ಮ ಕಾಲೇಜಿನ ಹುಡುಗರು ಎಂಟೆಂಟ ವರ್ಷ ಬಿ.ಎ. ಮಾಡ್ತಾರ, ಅವರಿಗೆ ಇದು ತಿಳೀವಲ್ತು."

ರಘೋತ್ತಮನ ಕಿವಿಯಲ್ಲಿ ಸೋದರಮಾವನ ದನಿ ಕೇಳಿತು. ಗಡಿಯಾರಾನೂ ತಿರುವಿ ಓದಬೇಕೋ ಹುಡುಗಾ. ಆತ ಗೋಡೆಯ ಗಡಿಯಾರವನ್ನು ಆಗ ನಿಜವಾಗಿ ನೋಡಿದ. ಹತ್ತರ ಎದುರಿಗೆ ನಾಲ್ಕು ಇತ್ತು. ಏಳರ ಎದುರಿಗೆ ಒಂದು ಇತ್ತು. ಮಾವ ಬದುಕಿನಲ್ಲಿ ಹೇಳಿದ ಒಂದೇ ಒಂದು ನಿಜವನ್ನು ಇಡೀ ಮನೆ ಬಂಡಲ್ ಎಂದು ತಳ್ಳಿಹಾಕಿತ್ತು. ಹುಡುಗ ಎರಡು ತಿಂಗಳು ತಾನು ಕರೆದ ಹೊತ್ತಿಗೇ ಬಂದಿದ್ದ, ಇವತ್ತೂ ಕರೆದ ಹೊತ್ತಿಗೇ ಬರುತ್ತಾನೆ. ಬರುವಷ್ಟರಲ್ಲಿ ಅವನ ಹೆಸರು ಹೊಡೆದುಹೋಗಿರುತ್ತದೆ.

ಸುಮ್ಮನಿದ್ದರೆ ತಪ್ಪು ಹುಡುಗನ ಮೇಲೆ ಹೋಗುತ್ತಿತ್ತು, ಹಲಗೆ ಗೋಡೆಯ ಮೇಲೆ ಉಳಿಯುತ್ತಿತ್ತು. ರಘೋತ್ತಮನಿಗೆ ಬಹಳ ನಾಚಿಕೆಯಾಯಿತು. ಆತ ಎದ್ದು ನಿಂತ.

"ತಪ್ಪು ಹುಡುಗಂದಲ್ರಿ ಸರ್, ನಂದು. ನನಗ ಸ್ವಾಹಿಲಿ ಬರೂದಿಲ್ಲ. ಒಂದರಿಂದ ಹತ್ತರ ತನಕ ಬರ್ತದ, ಅಷ್ಟ. ಅದರಾಗೂ ಹತ್ತು ಅಂದ್ರ ಎಷ್ಟು ಅಂತ ಇವತ್ತು ತಿಳೀತು."

ಪ್ರಿನ್ಸಿಪಾಲರು ಅವನ ಕಡೆ ತಿರುಗಿದರು.

"ಮನ್ಯಾಗ ಆಡಿ ಬಿಟ್ಟ ಭಾಷಾ ಅಂದಿದ್ರಿ."

"ಬಿಟ್ಟದ್ದು ಖರೇ ರೀ ಸರ್."

ಬೆಳಗಿನ ಏಳು, ಮಧ್ಯಾಹ್ನದ ಒಂದು, ಅಡಿಗೆಮನೆಯ ಹೊಸ್ತಿಲು, ಎಲ್ಲವನ್ನೂ ಆತ ಬಿಡಿಸಿ ಹೇಳಿದ. ಅಂದಾನೆಪ್ಪನವರು ನಗಲಿಲ್ಲ. ಪತ್ರದ ಪ್ರತಿಯನ್ನು ಫೈಲಿನಿಂದ ತೆಗೆದು ಎರಡು ಸಲ ಓದಿದರು.

"ನಾ ಮನೋಳಿಯಂವ ರೀ" ಎಂದರು ಕೊನೆಗೆ. "ನಮ್ಮ ಆಯಿ ಸಾಯೂ ತನಕಾ ಹೊತ್ತು ಏರಿ ಇಷ್ಟು ತಾಸು ಅಂತನ ಲೆಕ್ಕ ಹಿಡೀತಿದ್ಲು. ಇಲ್ಲಿ ನೋಡ್ರಿ, ನಾವು ಹತ್ತು ಗಂಟೆಕ್ಕ ಅಂತ ಬರದೀವಿ. ಯಾರ ಹತ್ತು ಅಂತ ಬರದಿಲ್ಲ. ಅಂದಮ್ಯಾಲೆ ಹುಡುಗ ತಡಾ ಮಾಡಿಲ್ಲ. ನಾನs ಆರು ತಾಸು ಮುಂಚೆ ಬಂದೀನಿ." ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಕಾಯ್ತೀನಿ. ರಾಮದುರ್ಗ ಎಲ್ಲಿ ಓಡಿ ಹೋಗತೈತಿ."

ಮಧ್ಯಾಹ್ನ ಒಂದಕ್ಕೆ ರಘೋತ್ತಮ ಅವರನ್ನು ಮನೆಗೆ ಊಟಕ್ಕೆ ಕರೆದೊಯ್ದ. ಗಂಗೂಬಾಯಿ ಹೊಸ್ತಿಲ ಹತ್ತಿರ ಎಲೆ ಹಾಕಿ ಕಾಯುತ್ತಿದ್ದಳು. ಬೇರೆ ಯಾರನ್ನೋ ಕಂಡು ಆಕೆಯ ಮುಖ ಸಪ್ಪಗಾಯಿತು.

"ಹುಡುಗ ಎಲ್ಲಿ? ಆರಾಮ ಇದ್ದಾನಲ್ಲ?" ಎಂದು ಕೇಳಿ, ಸಂಗತಿ ತಿಳಿದ ಮೇಲೆ ಅಂದಾನೆಪ್ಪನವರಿಗೆ ಪಡಸಾಲೆಯಲ್ಲಿ ಇನ್ನೊಂದು ಎಲೆ ಹಾಕಿದಳು. "ಇಲ್ಲಿ ಕೂಡ್ರಿ. ಅದು ಅವನ ಜಾಗಾ ಅದ."

ಧಾರವಾಡದ ಅಧಿಕಾರಿಗಳು ತಮಗೆ ತೋರಿಸಿದ ಜಾಗದಲ್ಲಿ ಕುಳಿತು, ಹೊಸ್ತಿಲ ಹತ್ತಿರದ ಖಾಲಿ ಎಲೆಯನ್ನು ನೋಡುತ್ತ ಊಟ ಮಾಡಿದರು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಇಡೀ ಕಾಲೇಜು ಆಫೀಸಿನ ಮುಂದೆ ಸೇರಿತ್ತು. ಯಮುನಾಬಾಯಿ ಕೂಡ ಏನೋ ನೆಪ ಮಾಡಿಕೊಂಡು ಬಂದು ನಿಂತಿದ್ದಳು. ಗಡಿಯಾರ ಕರಕರ ಎಂದು ಸದ್ದು ಮಾಡಿ ಒಂದನೆಯ ಪೆಟ್ಟು ಹೊಡೆಯಿತು. ಗೇಟಿನಲ್ಲಿ ಹಮೀಸಿ ಕಾಣಿಸಿಕೊಂಡ. ಎರಡನೆಯದಕ್ಕೆ ಅಂಗಳ ದಾಟಿದ, ಮೂರನೆಯದಕ್ಕೆ ಮೆಟ್ಟಿಲು ಹತ್ತಿದ, ನಾಲ್ಕನೆಯದಕ್ಕೆ ಆಫೀಸಿನ ಒಳಗಿದ್ದ. ತಲೆಯ ತುಂಬ ಹತ್ತಿಯ ಎಳೆ. ಅಷ್ಟು ಜನರನ್ನು ಕಂಡು ಗಾಬರಿಯಾಗಿ ಜೇಬಿನಿಂದ ಚೀಟಿ ತೆಗೆದು ಚಾಚಿದ.

"ನಾ ಲೇಟ್ ಆದೆನೇನ್ರಿ?" ಎಂದ, ಶೆಟ್ಟೆವ್ವನ ಕನ್ನಡದಲ್ಲಿ.

"ಇಲ್ಲಪಾ, ನೀ ಲೇಟ್ ಇಲ್ಲ" ಎಂದರು ಅಂದಾನೆಪ್ಪನವರು. "ಭೂಗೋಳದಾಗ ಏನು ಕಲತೀ, ಹೇಳು ನೋಡೂಣು."

ಹಮೀಸಿ ಕರೀಹಲಗೆಯ ಮೇಲೆ ಎರಡು ಗಡಿಯಾರ ಬರೆದ. ಒಂದರ ಹತ್ತಿರ ಕಾಲೇಜು ಎಂದು ತೋರಿಸಿ ಹತ್ತರ ಮೇಲೆ ಮುಳ್ಳು ಎಳೆದ. ಇನ್ನೊಂದರಲ್ಲಿ ಅದೇ ಹೊತ್ತಿಗೆ ನಾಲ್ಕು. ತಡೆತಡೆದ ಇಂಗ್ಲೀಷು, ನಡುನಡುವೆ ಕನ್ನಡ, ಮಾತು ಸಿಗದಲ್ಲಿ ಬೆರಳು. ತನಗೆ ಬಹಳ ದಿನದಿಂದ ಸಂಶಯವಿತ್ತು, ಇವತ್ತು ದೊಡವಾಡದ ಹೊಲದಲ್ಲಿ ಹೆಂಗಸರು ಹೊತ್ತು ಎಣಿಸುವುದನ್ನು ಕೇಳಿದಾಗ ಬಗೆಹರಿಯಿತು ಎಂದ. "ದೊಡವಾಡ, ತಾಂಗಾ, ಒಂದs ಗಡಿಯಾರ ರೀ. ಕಾಲೇಜು ಬ್ಯಾರೆ ಗಡಿಯಾರ. ಮ್ವಾಲಿಮು ಕಾಲೇಜಿನವರು." ಗುರುಗಳು ತನಗಾಗಿ ಬೆಳಿಗ್ಗೆ ಏಳಕ್ಕೆ ಕಾದಿರಬೇಕು, ಇವತ್ತಿನ ಹತ್ತೂ ಆಗಿಹೋಗಿರಬೇಕು ಎಂಬುದು ಅವನಿಗೆ ಅಲ್ಲೇ ಹೊಳೆದಿತ್ತು. ಬಸ್ಸು ಬೇಗ ಸಿಗದೆ, ಅಷ್ಟು ದೂರ ಓಡಿಯೇ ಬಂದಿದ್ದ. ಅದನ್ನು ಕೇಳಿ ರಘೋತ್ತಮ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ.

"ಪಾಠ ಹಿಡಿಯಬಲ್ಲ" ಎಂದು ಅಂದಾನೆಪ್ಪನವರು ಬರೆದರು. ಕೆಳಗೆ ಇನ್ನೊಂದು ಕಾಲಮು ಇತ್ತು. "ವಿದ್ಯಾರ್ಥಿಗೆ ನೆರವಾದವರ ಹೆಸರು, ವಿದ್ಯಾರ್ಹತೆ. ಏನು ಬರೀಲಿ?"

"ಶೆಟ್ಟೆವ್ವ ಅಂತ ಬರೀರಿ" ಎಂದ ರಘೋತ್ತಮ. "ವಿದ್ಯಾರ್ಹತೆ, ಖಾನಾವಳಿ."

ಹಾಗೆಯೇ ಬರೆದರು. ಸಲಹೆಗಾರರ ಹಲಗೆಯನ್ನು ನೀಲಪ್ಪ ಆ ಸಂಜೆಯೇ ಇಳಿಸಿದ, ಅದರ ಹಿಂಬದಿಯಲ್ಲಿ ಪ್ರಿನ್ಸಿಪಾಲರು ವೇಳಾಪತ್ರಿಕೆ ಬರೆಸಿದರು. ಪ್ರತಿ ಗಂಟೆಯ ಎದುರು ಹೊತ್ತು ಏರಿ ಎಷ್ಟು ತಾಸು ಎಂಬ ಇನ್ನೊಂದು ಸಾಲು ಇತ್ತು. ಹಳ್ಳಿಯಿಂದ ಬರುವ ಎಷ್ಟೋ ಹುಡುಗರು ಅಂದಿನಿಂದ ಸರಿಯಾದ ಹೊತ್ತಿಗೆ ಬರತೊಡಗಿದರು ಎಂದು ನೀಲಪ್ಪ ಹೇಳುತ್ತಿದ್ದ.

ಗುರುವಾರದಿಂದ ವಿಶೇಷ ಬೋಧನೆ ನಿಜವಾದ ಏಳಕ್ಕೆ ಶುರುವಾಯಿತು. ರಘೋತ್ತಮ ಸಾ ಮೋಜಾ ಎಂದು ಹೇಳಿದ್ದ, ಹಮೀಸಿ ಏಳು ಹೊಡೆಯುವಾಗ ಬಾಗಿಲಲ್ಲಿದ್ದ. ಪಾಠ ಚೆನ್ನಾಗಿಯೇ ನಡೆಯಿತು. ಮಧ್ಯಾಹ್ನ ರಘೋತ್ತಮ ಊಟಕ್ಕೆ ಬಂದಾಗ ಹೊಸ್ತಿಲ ಹತ್ತಿರದ ಎಲೆ ಹಾಗೇ ಇತ್ತು, ಪಕ್ಕದಲ್ಲಿ ಗಂಗೂಬಾಯಿ ಕೈಕಟ್ಟಿ ಕುಳಿತಿದ್ದಳು.

"ಯಾಕ ಬರ್ಲಿಲ್ಲ ಹುಡುಗ?"

"ಮುಂಜಾನೆ ಬಂದು ಹೋದನಲ್ಲವ್ವ. ತಪ್ಪಾಗಿತ್ತು, ತಿದ್ದಿದೆ."

"ನಿನಗ ಯಾರು ತಿದ್ದು ಅಂದಿದ್ರು?" ಗಂಗೂಬಾಯಿ ಮಗನ ಎಲೆಗೆ ಬಡಿಸಲಿಲ್ಲ. "ಎರಡು ತಿಂಗಳು ನೆಟ್ಟಗ ನಡದದ್ದನ್ನ ಒಂದು ದಿನದಾಗ ಕೆಡಿಸಿದಿ. ಮುಂಜಾನೆ ಬೇಕಾದಷ್ಟು ಕಲಿಸು, ಬ್ಯಾಡ ಅನ್ನೂದಿಲ್ಲ. ಆ ಸಾ ಸಾಬಾ ಏನದ, ಅದಕ್ಕ ಕೈ ಹಚ್ಚಬ್ಯಾಡ. ಹೋಗಿ ಹೇಳಿ ಬಾ, ಆಮ್ಯಾಲೆ ಊಟ."

ರಘೋತ್ತಮ ಹಸಿದ ಹೊಟ್ಟೆಯಲ್ಲೇ ಖಾನಾವಳಿಗೆ ಹೋದ. ಹಮೀಸಿ ಜಗುಲಿಯ ಮೇಲೆ ಓದುತ್ತ ಕುಳಿತಿದ್ದ. ಚೀಟಿ ಕೊಟ್ಟ. ಹಮೀಸಿ ಸಾ ಸಾಬಾ ಎಂದು ಓದಿ, ಈಗ ಬುದ್ಧಿ ಬಂದವನಾದ್ದರಿಂದ ಕೇಳಿದ.

"ಯಾರ ಸಾಬಾ ರೀ? ನಿಮ್ಮದೋ, ನಮ್ಮದೋ?"

"ನಮ್ಮ ಅವ್ವಂದು" ಎಂದ ರಘೋತ್ತಮ.

ಹಮೀಸಿ ಪುಸ್ತಕ ಮಡಚಿಟ್ಟು ಚಪ್ಪಲಿ ಮೆಟ್ಟಿಕೊಂಡ.